ನಿಮಿಷಕ್ಕೆ 5 ಸುತ್ತು: ಕಬ್ಬಿನ ಕ್ಯಾರಿಯರ್ ಬೇರಿಂಗಿನ ಸದ್ದು ಹಿಡಿದ ಪ್ರಕರಣ

ಇದು ಬಾಗಲಕೋಟೆ ಜಿಲ್ಲೆಯ ಒಂದು ಸಕ್ಕರೆ ಕಾರ್ಖಾನೆಯಲ್ಲಿ ನಡೆದ ಕೆಲಸ. ಕಾರ್ಖಾನೆಯ ಹೆಸರು, ಊರು, ಅಲ್ಲಿದ್ದವರ ಗುರುತು ಬಿಟ್ಟಿದ್ದೇನೆ. ಯಂತ್ರದ ಅಳತೆಗಳನ್ನೂ ಗುರುತು ಸಿಗದಷ್ಟು ದುಂಡಾಗಿಸಿ ಕೊಟ್ಟಿದ್ದೇನೆ. ಲೆಕ್ಕದ ದಾರಿ ಮಾತ್ರ ಇದ್ದ ಹಾಗೆಯೇ ಇದೆ. ನಿಧಾನವಾಗಿ ತಿರುಗುವ ಯಂತ್ರಗಳ ಮೇಲೆ ಕೆಲಸ ಮಾಡುವವರಿಗೆ ಬೇಕಾಗಿರುವುದು ಆ ದಾರಿಯೇ.

ಹಿನ್ನೆಲೆ

ಮುಧೋಳ, ಜಮಖಂಡಿ, ಬೀಳಗಿ ಕಡೆ ಹಂಗಾಮು ಶುರುವಾದ ಮೇಲೆ ಕಾರ್ಖಾನೆ ಹಗಲು ರಾತ್ರಿ ಓಡಬೇಕು. ಕಡಿದ ಕಬ್ಬು ಕಾಯುವುದಿಲ್ಲ. ದಿನ ಕಳೆದಂತೆ ತೂಕವೂ ಇಳಿಯುತ್ತದೆ, ಸಕ್ಕರೆಯ ಅಂಶವೂ ಇಳಿಯುತ್ತದೆ. ಕಾರ್ಖಾನೆ ನಿಂತರೆ ಯಾರ್ಡಿನಲ್ಲಿ ಟ್ರ್ಯಾಕ್ಟರ್‌ಗಳ ಸಾಲು ಬೆಳೆಯುತ್ತದೆ. ಆ ನಷ್ಟ ಮೊದಲು ಬೀಳುವುದು ರೈತನ ಮೇಲೆ.

ಕಬ್ಬನ್ನು ಯಾರ್ಡಿನಿಂದ ಗಾಣದ ಕಡೆ ಒಯ್ಯುವುದು ಕ್ಯಾರಿಯರ್. ಎರಡು ದೊಡ್ಡ ಚೈನು, ನಡುವೆ ಕಬ್ಬಿಣದ ಪಟ್ಟಿಗಳು. ಮೇಲಿನ ತುದಿಯಲ್ಲಿ ಹೆಡ್ ಶಾಫ್ಟ್. ಅದರ ಎರಡೂ ಬದಿಗೆ ಪ್ಲಮರ್ ಬ್ಲಾಕ್ ಎನ್ನುವ ಲೋಹದ ಗೂಡಿನಲ್ಲಿ ಕೂತ ಸ್ಫೆರಿಕಲ್ ರೋಲರ್ ಬೇರಿಂಗ್, ಅಂದರೆ ಒಳ ರೇಸ್, ಹೊರ ರೇಸ್ ಎನ್ನುವ ಎರಡು ಬಳೆಗಳ ನಡುವೆ ಎರಡು ಸಾಲು ರೋಲರುಗಳು ಇರುವಂಥದ್ದು. ಶಾಫ್ಟಿನ ಮೇಲೆ 12 ಹಲ್ಲಿನ ಎರಡು ಸ್ಪ್ರಾಕೆಟ್, ಅಂದರೆ ಚೈನು ಎಳೆಯುವ ಹಲ್ಲಿನ ಚಕ್ರ. ಚೈನಿನ ಪಿಚ್, ಅಂದರೆ ಒಂದು ಕೊಂಡಿಯಿಂದ ಮುಂದಿನದಕ್ಕೆ ಇರುವ ಅಂತರ, 150 ಮಿಲಿಮೀಟರ್. ಶಾಫ್ಟ್ ನಿಮಿಷಕ್ಕೆ ಸುಮಾರು 5 ಸುತ್ತು ತಿರುಗುತ್ತದೆ. ಹಾಗಾಗಿ ಚೈನು ನಿಮಿಷಕ್ಕೆ 9 ಮೀಟರ್ ಸಾಗುತ್ತದೆ.

ಹಿಂದಿನ ಹಂಗಾಮಿನಲ್ಲಿ ಇದೇ ಶಾಫ್ಟಿನ ಒಂದು ಬೇರಿಂಗ್ ಪೂರ್ತಿ ಒಡೆದು ಹೋಗಿತ್ತು. ಯಾವ ಮುನ್ಸೂಚನೆಯೂ ಇರಲಿಲ್ಲ. ಇನ್ನೊಮ್ಮೆ ಹಾಗಾಗಬಾರದು ಎಂದು ಚೀಫ್ ಇಂಜಿನಿಯರ್ ನಮ್ಮನ್ನು ಕರೆದರು. ನಾವು ಅಂದರೆ ಎಲೆಕ್ಟ್ರಾನಿಕ್ಸ್ ಕಲಿಸುವ ನಾನು, ಕೊನೆಯ ವರ್ಷದ ಇಬ್ಬರು ವಿದ್ಯಾರ್ಥಿಗಳು. ಜೊತೆಗೆ ಕಾರ್ಖಾನೆಯ ಒಬ್ಬ ಎಲೆಕ್ಟ್ರಿಷಿಯನ್ ಮತ್ತು ಎಲ್ಲರೂ ಕಾಕಾ ಎಂದು ಕರೆಯುವ ಒಬ್ಬ ಹಿರಿಯ ಫಿಟ್ಟರ್.

ವೈಬ್ರೇಷನ್ ಮೀಟರ್ ಯಾಕೆ ಸಾಲಲಿಲ್ಲ

ಕಾರ್ಖಾನೆಯಲ್ಲಿ ಒಳ್ಳೆಯ ವೈಬ್ರೇಷನ್ ಮೀಟರ್ ಇತ್ತು. ಪಂಪು, ಫ್ಯಾನು, ಟರ್ಬೈನ್ ಎಲ್ಲದಕ್ಕೂ ಅದು ಚೆನ್ನಾಗಿ ಕೆಲಸ ಮಾಡುತ್ತದೆ. ಹೆಡ್ ಶಾಫ್ಟಿನ ಮೇಲೆ ಇಟ್ಟರೆ ಮಾತ್ರ ಯಾವಾಗಲೂ "ಸರಿ ಇದೆ" ಎನ್ನುವಂಥ ಅಂಕಿಯೇ ಬರುತ್ತಿತ್ತು.

ಅದು ಮೀಟರಿನ ದೋಷವಲ್ಲ. ತಿರುಗುವ ವಸ್ತುವಿನ ತೂಕ ಒಂದು ಕಡೆ ಜಾಸ್ತಿ ಇದ್ದರೆ ಹುಟ್ಟುವ ಬಲ ವೇಗದ ವರ್ಗಕ್ಕೆ ತಕ್ಕಂತೆ ಬದಲಾಗುತ್ತದೆ. 1,500 ಸುತ್ತಿನ ಮೋಟರಿಗೆ ಹೋಲಿಸಿದರೆ 5 ಸುತ್ತಿನ ಶಾಫ್ಟ್ 300 ಪಟ್ಟು ನಿಧಾನ. ಅಂದರೆ ಅದೇ ಅಸಮತೋಲದ ಬಲ 90,000 ಪಟ್ಟು ಕಡಿಮೆ. ಒಂದು ಸುತ್ತಿಗೆ 12 ಸೆಕೆಂಡು ಹಿಡಿಯುವ ಚಲನೆ ಸಾಮಾನ್ಯ ಮೀಟರಿನ ಕೆಳಮಿತಿಗಿಂತ ಎಷ್ಟೋ ಕೆಳಗಿರುತ್ತದೆ. ಕಂಪನದ ಮಟ್ಟ ನಿರ್ಣಯಿಸಲು ಬಳಸುತ್ತಿದ್ದ ಅಂತರರಾಷ್ಟ್ರೀಯ ಮಾನದಂಡ ಐಎಸ್‌ಒ 10816ರ 3ನೇ ಭಾಗ ಕೂಡ ನಿಮಿಷಕ್ಕೆ 120 ಸುತ್ತಿಗಿಂತ ನಿಧಾನವಾದ ಯಂತ್ರಗಳನ್ನು ಒಳಗೊಂಡಿರಲಿಲ್ಲ.

ಅದಕ್ಕೇ ಅಕೌಸ್ಟಿಕ್ ಎಮಿಷನ್ ದಾರಿ ಹಿಡಿದೆವು. ಮುಂದೆ ಎಇ ಎಂದೇ ಬರೆಯುತ್ತೇನೆ. ಲೋಹದಲ್ಲಿ ಬಿರುಕು ಒಂದಿಷ್ಟು ಮುಂದೆ ಸರಿದಾಗ, ಎರಡು ಮೈಗಳು ಗ್ರೀಸಿನ ಪದರ ಹರಿದು ಉಜ್ಜಿದಾಗ, ರೋಲರ್ ಒಂದು ಚೂಪಾದ ಅಂಚಿನ ಮೇಲೆ ಹಾಯ್ದಾಗ, ಅಲ್ಲಿ ಸೇರಿದ್ದ ಶಕ್ತಿ ತಟ್ಟನೆ ಬಿಡುಗಡೆಯಾಗಿ ಲೋಹದೊಳಗೆ ಅಲೆಯಾಗಿ ಹರಿಯುತ್ತದೆ. ಆ ಅಲೆಯ ಆವರ್ತನ ನಮ್ಮ ಕಿವಿಗೆ ಕೇಳುವ 20 ಕಿಲೋಹರ್ಟ್ಜ್‌ಗಿಂತ ಬಹಳ ಮೇಲೆ, ಸಾಮಾನ್ಯವಾಗಿ 100ರಿಂದ 300 ಕಿಲೋಹರ್ಟ್ಜ್ ಪಟ್ಟಿಯಲ್ಲಿ ಹುಡುಕುತ್ತಾರೆ. ಈ ವಿದ್ಯೆಯ ಅಡಿಪಾಯದಲ್ಲಿ ಜೋಸೆಫ್ ಕೈಸರ್ 1950ರಲ್ಲಿ ಮ್ಯೂನಿಕ್‌ನಲ್ಲಿ ಬರೆದ ಪ್ರಬಂಧ ಇದೆ. ಒಮ್ಮೆ ಭಾರ ಹೊತ್ತ ಲೋಹ ಆ ಹಿಂದಿನ ಭಾರವನ್ನು ಮೀರುವ ತನಕ ಮತ್ತೆ ಸದ್ದು ಮಾಡುವುದಿಲ್ಲ ಎಂದು ಅವರು ತೋರಿಸಿದರು. ಒತ್ತಡದ ಟ್ಯಾಂಕುಗಳ ಪರೀಕ್ಷೆಗೆ ಅದು ಬಹಳ ಉಪಯೋಗ. ಬೇರಿಂಗಿಗೆ ಆ ನಿಯಮ ನೇರವಾಗಿ ಹೊಂದುವುದಿಲ್ಲ, ಯಾಕಂದರೆ ಇಲ್ಲಿ ಉಜ್ಜಾಟ ಮತ್ತು ಬಡಿತ ಪ್ರತಿ ಸುತ್ತಿನಲ್ಲೂ ಹೊಸದಾಗಿ ನಡೆಯುತ್ತದೆ. ನಮಗೆ ಬೇಕಿದ್ದದ್ದೂ ಅದೇ. ವೇಗ ಎಷ್ಟೇ ಕಡಿಮೆ ಇದ್ದರೂ ಭಾರ ಹೊತ್ತ ರೋಲರ್ ಒಡೆದ ಜಾಗದ ಮೇಲೆ ಹಾಯುವಾಗ ಈ ಸಣ್ಣ ಸಿಡಿತ ಹುಟ್ಟುತ್ತದೆ.

ಮೊದಲ ಜೋಡಣೆ, ಮತ್ತು ಒಂದು ಸೆಕೆಂಡಿನ ಕಿಂಡಿ

150 ಕಿಲೋಹರ್ಟ್ಜ್‌ನಲ್ಲಿ ಅನುರಣಿಸುವ ಪೀಜೋ ಸೆನ್ಸರ್, ಅಂದರೆ ಅಲುಗಾಟವನ್ನು ವೋಲ್ಟೇಜಾಗಿ ಬದಲಿಸುವ ಸಾಧನ, ತೆಗೆದುಕೊಂಡೆವು. ಅದರ ಪಕ್ಕದಲ್ಲೇ 40 ಡಿಬಿಯ (ಡೆಸಿಬೆಲ್, ಸಿಗ್ನಲಿನ ಮಟ್ಟದ ಅಳತೆ) ಪ್ರೀ ಆಂಪ್ಲಿಫೈಯರ್, ಅಂದರೆ ವೋಲ್ಟೇಜು 100 ಪಟ್ಟು. ಆಮೇಲೆ 100ರಿಂದ 300 ಕಿಲೋಹರ್ಟ್ಜ್ ಬಿಡುವ ಫಿಲ್ಟರ್. ಕೊನೆಗೆ ಸಿಗ್ನಲಿನ ಆಕಾರವನ್ನು ಪರದೆಯ ಮೇಲೆ ತೋರಿಸುವ ಪ್ರಯೋಗಾಲಯದ ಡಿಜಿಟಲ್ ಆಸಿಲೋಸ್ಕೋಪ್.

ಪ್ಲಮರ್ ಬ್ಲಾಕಿನ ಮೇಲೆ ಬಣ್ಣ ಕೆರೆದು, ಲೋಹ ಹೊಳೆಯುವ ತನಕ ಎಮರಿ ಹಾಳೆಯಿಂದ ಉಜ್ಜಿ, ಸಿಲಿಕೋನ್ ಗ್ರೀಸ್ ತೆಳ್ಳಗೆ ಹಚ್ಚಿ, ಅಯಸ್ಕಾಂತದ ಹಿಡಿಕೆಯಿಂದ ಸೆನ್ಸರ್ ಒತ್ತಿ ಕೂರಿಸಿದೆವು. ಈ ಕೆಲಸವನ್ನು ಸುಮ್ನೆ ಮುಗಿಸಿಬಿಡಬಾರದು. ನಡುವೆ ಗಾಳಿ ಒಂದು ಕೂದಲಿನಷ್ಟು ಉಳಿದರೂ ಈ ಆವರ್ತನದ ಅಲೆ ದಾಟುವುದಿಲ್ಲ. ಕೂರಿಸಿದ್ದು ಸರಿ ಇದೆಯೇ ಎಂದು ನೋಡಲು ಪೆನ್ಸಿಲ್ ಕಡ್ಡಿ ಮುರಿಯುವ ಪರೀಕ್ಷೆ ಇದೆ. 0.5 ಮಿಲಿಮೀಟರಿನ 2ಎಚ್ ಕಡ್ಡಿಯನ್ನು 3 ಮಿಲಿಮೀಟರ್ ಹೊರಗೆ ಚಾಚಿ, ಓರೆಯಾಗಿ ಲೋಹಕ್ಕೆ ಒತ್ತಿ ಮುರಿಯಬೇಕು. ಸೂ ಮತ್ತು ನೀಲ್ಸನ್ ಹೆಸರಿನ ಈ ಪರೀಕ್ಷೆ ಎಇ ಪ್ರಯೋಗಾಲಯಗಳಲ್ಲಿ ಸಾಮಾನ್ಯವಾಗಿ ನಡೆಯುತ್ತದೆ. ಸೆನ್ಸರಿನ ಪಕ್ಕ ಮುರಿದಾಗ ಬಂದ ಸಿಗ್ನಲ್ಲಿಗೂ ಶಾಫ್ಟಿನ ತುದಿಯಲ್ಲಿ ಮುರಿದಾಗ ಬಂದದ್ದಕ್ಕೂ 25 ಡಿಬಿಗಿಂತ ಜಾಸ್ತಿ ವ್ಯತ್ಯಾಸ ಸಿಕ್ಕಿತು. ಶಾಫ್ಟ್, ಒಳ ರೇಸ್, ರೋಲರ್, ಹೊರ ರೇಸ್, ಬ್ಲಾಕ್ ಎಂದು ಒಂದೊಂದು ಸಂದು ದಾಟುವಾಗಲೂ ಅಲೆ ಸೊರಗುತ್ತದೆ. ಒಳ ರೇಸಿನ ಪೆಟ್ಟು ಹೊರ ರೇಸಿನ ಪೆಟ್ಟಿಗಿಂತ ಕ್ಷೀಣವಾಗಿ ಕೇಳುತ್ತದೆ ಎನ್ನುವುದು ಅಲ್ಲೇ ಗೊತ್ತಾಯಿತು. ಮುಂದೆ ಇದು ಕೆಲಸಕ್ಕೆ ಬಂತು.

ಆಸಿಲೋಸ್ಕೋಪಿನಲ್ಲಿ ಸಿಡಿತಗಳು ಕಂಡವು. ಆದರೆ ಒಮ್ಮೆ ಎರಡು, ಒಮ್ಮೆ ಒಂದು, ಒಮ್ಮೆ ಏನೂ ಇಲ್ಲ. ಎಡ ಬೇರಿಂಗಿನಲ್ಲಿ ಜಾಸ್ತಿ, ಮೋಟರ್ ಕಡೆಯ ಬಲ ಬೇರಿಂಗಿನಲ್ಲಿ ಕಡಿಮೆ. ಅಳೆದಷ್ಟು ಸಲವೂ ಬೇರೆ ಬೇರೆ ಉತ್ತರ.

ಇಲ್ಲಿ ಮೊದಲ ನಿರ್ಧಾರ ಬಂತು. ಆ ಸ್ಕೋಪಿನ ನೆನಪಿನ ಜಾಗ 10 ಲಕ್ಷ ಬಿಂದುಗಳಷ್ಟು. ಸೆಕೆಂಡಿಗೆ 10 ಲಕ್ಷ ಮಾದರಿ ತೆಗೆದರೆ ಸಿಗುವುದು ಒಂದೇ ಸೆಕೆಂಡು. ಶಾಫ್ಟಿಗೆ ಒಂದು ಸುತ್ತಿಗೆ 12 ಸೆಕೆಂಡು ಬೇಕು. ನಾವು ನೋಡುತ್ತಿದ್ದದ್ದು ಸುತ್ತಿನ ಹನ್ನೆರಡರಲ್ಲಿ ಒಂದು ಪಾಲು ಮಾತ್ರ. ಬಸ್ ಸ್ಟ್ಯಾಂಡಿನಲ್ಲಿ ಒಂದು ನಿಮಿಷ ನಿಂತು ಈ ಊರಿಗೆ ದಿನಕ್ಕೆ ಎಷ್ಟು ಬಸ್ ಬರುತ್ತವೆ ಎಂದು ಹೇಳಲು ಹೊರಟಂತೆ ಇದು.

ಎಇ ಉಪಕರಣ ಅಂದಕೂಡಲೇ ಎಲ್ಲರ ಗಮನ ಹೋಗುವುದು ಎಷ್ಟು ಮೇಲಿನ ಆವರ್ತನ, ಎಷ್ಟು ವೇಗದ ಮಾದರಿ ಎನ್ನುವ ಕಡೆಗೆ. ನನ್ನ ಗಟ್ಟಿ ಅಭಿಪ್ರಾಯ ಏನೆಂದರೆ, ನಿಧಾನದ ಯಂತ್ರದಲ್ಲಿ ಮೊದಲು ಕೇಳಬೇಕಾದ ಪ್ರಶ್ನೆ ಎಷ್ಟು ಹೊತ್ತು ಕೇಳಿಸಿಕೊಳ್ಳಬೇಕು ಅನ್ನುವುದು. ಉಳಿದ ವಿನ್ಯಾಸ ಅದರ ಹಿಂದೆ ಬರಬೇಕು.

ಎನ್ವಲಪ್ ಕಡೆ ಹೊರಳಿದ್ದು

ಕನಿಷ್ಠ 20 ಸುತ್ತು ದಾಖಲಿಸಬೇಕು ಎಂದು ತೀರ್ಮಾನ ಮಾಡಿದೆವು. ಅದು 4 ನಿಮಿಷ. ಕಚ್ಚಾ ಸಿಗ್ನಲನ್ನೇ ಸೆಕೆಂಡಿಗೆ 10 ಲಕ್ಷ ಮಾದರಿಯಂತೆ, ಮಾದರಿಗೆ 2 ಬೈಟಿನಂತೆ ಬರೆದರೆ 480 ಮೆಗಾಬೈಟ್ ಆಗುತ್ತದೆ. ಲ್ಯಾಪ್‌ಟಾಪ್ ಮತ್ತು ದುಬಾರಿ ಕಾರ್ಡ್ ಇದ್ದರೆ ಕಷ್ಟವೇನಲ್ಲ. ಆದರೆ ಬಗಾಸಿನ (ರಸ ಹಿಂಡಿದ ಕಬ್ಬಿನ ಸಿಪ್ಪೆ) ಧೂಳು ಹಾರುವ ಜಾಗದಲ್ಲಿ ಪ್ರತಿ ಶಿಫ್ಟಿಗೂ ಒಬ್ಬ ಎಲೆಕ್ಟ್ರಿಷಿಯನ್ ಅಳೆದುಕೊಂಡು ಬರಬೇಕಾದ ಉಪಕರಣ ಇದು. ಸಣ್ಣದಾಗಿರಬೇಕು, ಬ್ಯಾಟರಿಯಲ್ಲಿ ನಡೆಯಬೇಕು, ಕೈ ತಪ್ಪಿ ಬಿದ್ದರೆ ಕಣ್ಣೀರು ಬರುವಂಥ ಬೆಲೆಯದಾಗಿರಬಾರದು.

ನಮಗೆ ಬೇಕಾದದ್ದು ಪ್ರತಿ ಸಿಡಿತದ ಒಳಗಿನ 150 ಕಿಲೋಹರ್ಟ್ಜ್ ಅಲುಗಾಟ ಅಲ್ಲ. ಸಿಡಿತ ಯಾವಾಗ ಬಂತು, ಎಷ್ಟು ದೊಡ್ಡದು, ಅಷ್ಟೇ. ಹಾಗಾದರೆ ಅಲೆಯ ಹೊರಮೈ, ಅಂದರೆ ಎನ್ವಲಪ್, ಸಾಕು. ಫಿಲ್ಟರ್ ಆದ ಮೇಲೆ ಸಿಗ್ನಲನ್ನು ರೆಕ್ಟಿಫೈ ಮಾಡಿ, ಅಂದರೆ ಒಂದೇ ದಿಕ್ಕಿನದಾಗಿಸಿ, ಶಿಖರ ಹಿಡಿದಿಡುವ ಒಂದು ಸರ್ಕ್ಯೂಟಿಗೆ ಕೊಟ್ಟು, ಅದರ ಹೊರಬರುವ ವೋಲ್ಟೇಜನ್ನು ಮೈಕ್ರೋಕಂಟ್ರೋಲರ್ ಸೆಕೆಂಡಿಗೆ 2,000 ಸಲ ಓದುವ ಹಾಗೆ ಮಾಡಿದೆವು. 4 ನಿಮಿಷಕ್ಕೆ 4,80,000 ಮಾದರಿ. ಹತ್ತಿರ ಹತ್ತಿರ 1 ಮೆಗಾಬೈಟ್. ಒಂದು ಸಣ್ಣ ಮೆಮೊರಿ ಕಾರ್ಡಿನಲ್ಲಿ ಇಡೀ ಹಂಗಾಮು ಹಿಡಿಯುತ್ತದೆ.

ಶಿಖರವೋ ಸರಾಸರಿಯೋ ಎನ್ನುವ ಚರ್ಚೆ ನಮ್ಮೊಳಗೆ ಜೋರಾಗಿಯೇ ನಡೆಯಿತು. ಒಬ್ಬ ವಿದ್ಯಾರ್ಥಿ ಆರ್‌ಎಂಎಸ್ ಚಿಪ್, ಅಂದರೆ ಸಿಗ್ನಲಿನ ಒಂದು ಬಗೆಯ ಸರಾಸರಿ ಕೊಡುವಂಥದ್ದು, ಹಾಕೋಣ ಎಂದ. ಅಂಕಿ ಸ್ಥಿರವಾಗಿ ಬರುತ್ತದೆ, ಓದುವವರಿಗೆ ಸುಲಭ ಎನ್ನುವುದು ಅವನ ವಾದ. ವಾದ ಸರಿಯೇ. ಆದರೆ 1 ಮಿಲಿಸೆಕೆಂಡಿನ ಸಿಡಿತವನ್ನು 100 ಮಿಲಿಸೆಕೆಂಡಿನ ಆರ್‌ಎಂಎಸ್ ಕಿಟಕಿಯಲ್ಲಿ ಹಾಕಿದರೆ ಅದರ ಎತ್ತರ ಹತ್ತರಲ್ಲಿ ಒಂದು ಪಾಲಿಗೆ ಇಳಿಯುತ್ತದೆ, ಅಂದರೆ 20 ಡಿಬಿ ಕಳೆದ ಹಾಗೆ. ಒಳ ರೇಸಿನ ಕ್ಷೀಣ ಪೆಟ್ಟು ಅಲ್ಲೇ ಮುಳುಗುತ್ತದೆ. ಹಾಗಾಗಿ ಶಿಖರ ಹಿಡಿಯುವುದನ್ನೇ ಉಳಿಸಿಕೊಂಡೆವು. ಹಿಡಿದ ವೋಲ್ಟೇಜ್ ಇಳಿಯುವ ಕಾಲ 1 ಮಿಲಿಸೆಕೆಂಡು. ಎರಡು ಓದುಗಳ ನಡುವೆ ಅರ್ಧ ಮಿಲಿಸೆಕೆಂಡು ಇರುವುದರಿಂದ ಯಾವ ಸಿಡಿತವೂ ನುಸುಳಿ ಹೋಗುವುದಿಲ್ಲ.

ಕಚ್ಚಾ ಸಿಗ್ನಲನ್ನು ನೋಡಲು ಪೆಟ್ಟಿಗೆಯ ಪಕ್ಕಕ್ಕೆ ಒಂದು ಜಾಕ್ ಕೂಡ ಬಿಟ್ಟೆವು. ಖರ್ಚು ಕೆಲವೇ ರೂಪಾಯಿ. ಅದು ಇಲ್ಲದಿದ್ದರೆ ಮುಂದಿನ ತೊಂದರೆ ಗೊತ್ತೇ ಆಗುತ್ತಿರಲಿಲ್ಲ.

ಡ್ರೈವಿನ ಗದ್ದಲ

ಪೆಟ್ಟಿಗೆ ತಯಾರಾಗಿ ಹಚ್ಚಿದಾಗ ಎನ್ವಲಪಿನ ನೆಲಮಟ್ಟವೇ ಮೇಲೆ ಎದ್ದು ನಿಂತಿತ್ತು. ಸಿಡಿತಗಳು ಅದರ ಮೇಲೆ ತಲೆ ಮಾತ್ರ ತೋರಿಸುತ್ತಿದ್ದವು. ಗ್ರೀಸ್ ಒಣಗಿ ಬೇರಿಂಗ್ ಎಲ್ಲ ಕಡೆ ಉಜ್ಜುತ್ತಿದ್ದರೂ ಹೀಗೇ ಕಾಣುತ್ತದೆ. ಜಾಕಿಗೆ ಸ್ಕೋಪ್ ಹಚ್ಚಿ ನೋಡಿದರೆ ಪ್ರತಿ 0.25 ಮಿಲಿಸೆಕೆಂಡಿಗೆ ಒಂದು ಮುಳ್ಳು. ಎಷ್ಟು ಕ್ರಮಬದ್ಧ ಎಂದರೆ ಯಾವ ಬೇರಿಂಗೂ ಹಾಗೆ ಸದ್ದು ಮಾಡಲಾರದು.

ಸೆನ್ಸರನ್ನು ಬ್ಲಾಕಿನಿಂದ ಎತ್ತಿ ಒಂದು ಸ್ಪಂಜಿನ ಮೇಲೆ ಇಟ್ಟೆವು. ಮುಳ್ಳುಗಳು ಹಾಗೇ ಇದ್ದವು. ಲೋಹಕ್ಕೆ ಮುಟ್ಟದೆಯೂ ಬರುತ್ತಿದ್ದರೆ ಅದು ಎಇ ಅಲ್ಲ, ವಿದ್ಯುತ್ ಗದ್ದಲ. ಕ್ಯಾರಿಯರ್ ಮೋಟರಿನ ವೇಗ ಬದಲಿಸುವ ವಿಎಫ್‌ಡಿ ಡ್ರೈವ್ ಸೆಕೆಂಡಿಗೆ 4,000 ಸಲ ಸ್ವಿಚ್ ಆಗುತ್ತದೆ. ಪ್ರತಿ ಸ್ವಿಚ್ಚಿನ ಚೂಪು ಅಂಚಿನಿಂದ ಹುಟ್ಟುವ ಮೇಲಿನ ಆವರ್ತನದ ಹಾರ್ಮೋನಿಕ್‌ಗಳು ನಮ್ಮ 100ರಿಂದ 300 ಕಿಲೋಹರ್ಟ್ಜ್ ಪಟ್ಟಿಗೆ ಆರಾಮಾಗಿ ನುಗ್ಗುತ್ತವೆ. ಸ್ಪಂಜಿನ ಪರೀಕ್ಷೆ ಒಂದು ನಿಮಿಷದ್ದು. ಎಇ ಅಳೆಯುವ ಯಾರೇ ಆಗಲಿ ಹೊಸ ಜಾಗದಲ್ಲಿ ಮೊದಲು ಇದನ್ನು ಮಾಡಬೇಕು.

ಪರಿಹಾರ ಎಲೆಕ್ಟ್ರಿಷಿಯನ್ ಕಡೆಯಿಂದ ಬಂತು. ನಮ್ಮ ಕೇಬಲ್ ಮೋಟರ್ ಕೇಬಲಿನ ಟ್ರೇಯಲ್ಲೇ ಸುಮಾರು ದೂರ ಜೊತೆಯಾಗಿ ಹೋಗುತ್ತಿದೆ ಎಂದು ಅವರು ತೋರಿಸಿದರು. ಅದನ್ನು ಬೇರೆ ದಾರಿಯಲ್ಲಿ ಎಳೆದೆವು. ಶೀಲ್ಡನ್ನು ಪೆಟ್ಟಿಗೆಯ ಕಡೆ ಒಂದೇ ತುದಿಯಲ್ಲಿ ಅರ್ಥ್ ಮಾಡಿದೆವು. ಸೆನ್ಸರಿನ ಮುಖಕ್ಕೆ ಸಿರಾಮಿಕ್ ತಟ್ಟೆ ಇರುವಂಥದ್ದನ್ನು ತಂದು ಬ್ಲಾಕಿಗೂ ನಮ್ಮ ಸರ್ಕ್ಯೂಟಿಗೂ ವಿದ್ಯುತ್ ಸಂಬಂಧ ಇಲ್ಲದಂತೆ ಮಾಡಿದೆವು. ಬ್ಯಾಟರಿ ಮೊದಲೇ ಇತ್ತು. ನೆಲಮಟ್ಟ ಇಳಿಯಿತು.

ಹನ್ನೆರಡರ ಗೊಂದಲ

ಈಗ 20 ಸುತ್ತಿನ ಶುದ್ಧ ದಾಖಲೆ ಕೈಗೆ ಬಂತು. ಎನ್ವಲಪಿನ ಸ್ಪೆಕ್ಟ್ರಮ್, ಅಂದರೆ ಯಾವ ಬಡಿತ ಎಷ್ಟು ಸಲ ಮರುಕಳಿಸುತ್ತದೆ ಎಂದು ತೋರಿಸುವ ನಕ್ಷೆ, ತೆಗೆದಾಗ ಒಂದು ಸುತ್ತಿಗೆ 12 ಸಲ ಎನ್ನುವ ಜಾಗದಲ್ಲಿ ದಪ್ಪನೆಯ ಗೆರೆ. ಎರಡೂ ಬೇರಿಂಗುಗಳಲ್ಲಿ. ಎಡದ್ದರಲ್ಲಿ ಸುಮಾರು 8 ಡಿಬಿ ಜಾಸ್ತಿ.

ರೋಲರ್ ಬೇರಿಂಗುಗಳಿಗೆ ಎಲ್ಲರೂ ಬಳಸುವ ಒಂದು ಬಾಯಿಲೆಕ್ಕ ಇದೆ. ರೋಲರುಗಳ ಸಂಖ್ಯೆಯನ್ನು 0.4ರಿಂದ ಗುಣಿಸಿದರೆ ಹೊರ ರೇಸಿನ ದೋಷ ಸುತ್ತಿಗೆ ಎಷ್ಟು ಸಲ ಬಡಿಯುತ್ತದೆ ಎಂದು ಬರುತ್ತದೆ, 0.6ರಿಂದ ಗುಣಿಸಿದರೆ ಒಳ ರೇಸಿನದು. ಈ ಬೇರಿಂಗಿನ ಒಂದು ಸಾಲಿನಲ್ಲಿ 20 ರೋಲರ್. 20ಕ್ಕೆ 0.6 ಅಂದರೆ 12. ಒಳ ರೇಸ್ ಹೋಗಿದೆ, ಅದೂ ಎಡ ಬೇರಿಂಗಿನದು ಜಾಸ್ತಿ ಹೋಗಿದೆ ಎಂದು ಅಲ್ಲಿದ್ದ ಹೆಚ್ಚಿನವರ ಅಭಿಪ್ರಾಯ. ಸ್ಟೋರಿನಲ್ಲಿದ್ದ ಒಂದೇ ಒಂದು ಹೊಸ ಬೇರಿಂಗನ್ನು ಎಡಕ್ಕೆ ಹಾಕುವ ಮಾತು ಕೂಡ ಶುರುವಾಯಿತು.

ಕಾಕಾ ಅಲ್ಲಿಯ ತನಕ ಸುಮ್ಮನಿದ್ದರು. ಆಮೇಲೆ ಒಂದೇ ಮಾತು ಕೇಳಿದರು. "ಸರ, ಆ ಸ್ಪ್ರಾಕೆಟ್ಟಿಗೂ ಹನ್ನೆರಡ ಹಲ್ಲ ಅದಾವಲ್ರೀ. ಚೈನ್ ಕೂಡೂ ಸಪ್ಪಳ ಹೌದೋ ಅಲ್ಲೋ ನೋಡ್ರಿ ಮೊದಲ."

ಇಡೀ ಪ್ರಕರಣ ತಿರುಗಿದ್ದು ಈ ಮಾತಿನಿಂದ. ಪ್ರತಿ ಹಲ್ಲು ಚೈನಿನ ರೋಲರಿಗೆ ಕೂಡಿದಾಗಲೂ ಒಂದು ಬಡಿತ. ಸುತ್ತಿಗೆ 12 ಬಡಿತ. ಅದು ಶಾಫ್ಟಿನ ಮೂಲಕ ಎರಡೂ ಬೇರಿಂಗಿಗೆ ಮುಟ್ಟುತ್ತದೆ. ಬಾಯಿಲೆಕ್ಕದ 12 ಮತ್ತು ಹಲ್ಲಿನ 12 ಒಂದರ ಮೇಲೊಂದು ಕೂತಿದ್ದವು.

ಬಾಯಿಲೆಕ್ಕ ಬಿಟ್ಟು ನಿಜವಾದ ಅಳತೆ ತೆಗೆಯಲು ಸ್ಟೋರಿಗೆ ಹೋದೆವು. ಹೊಸ ಬೇರಿಂಗಿನ ಎಣ್ಣೆ ಕಾಗದ ಬಿಚ್ಚಿದೆವು. ಸ್ಫೆರಿಕಲ್ ಬೇರಿಂಗಿನ ಒಳ ರಿಂಗನ್ನು ಓರೆಯಾಗಿ ತಿರುವಿದರೆ ರೋಲರುಗಳು ಹೊರಗೆ ಕಾಣುತ್ತವೆ. ಕಾಕಾ ಒಂದು ರೋಲರಿಗೆ ಸೀಮೆಸುಣ್ಣದ ಗುರುತು ಹಾಕಿ ಎಣಿಸಿದರು, ಸಾಲಿಗೆ 20. ರೋಲರ್ ಪೀಪಾಯಿ ಆಕಾರದ್ದು, ಹಾಗಾಗಿ ನಡುವಿನ ದಪ್ಪ ಜಾಗದಲ್ಲೇ ವರ್ನಿಯರ್ ಹಿಡಿಯಬೇಕು. 30 ಮಿಲಿಮೀಟರ್ ಬಂತು. ರೋಲರುಗಳ ನಡುಬಿಂದು ಹಾಯುವ ವೃತ್ತದ ವ್ಯಾಸ 215 ಮಿಲಿಮೀಟರ್. ಸಂಪರ್ಕದ ಕೋನ ಸುಮಾರು 10 ಡಿಗ್ರಿ.

ಸೂತ್ರ ಸರಳ. ರೋಲರ್ ಸಂಖ್ಯೆಯ ಅರ್ಧವನ್ನು, 1ಕ್ಕೆ ವ್ಯಾಸಗಳ ಅನುಪಾತ ಮತ್ತು ಕೋನದ ಕೊಸೈನ್ ಎರಡರ ಗುಣಲಬ್ಧ ಕೂಡಿಸಿ ಬಂದದ್ದರಿಂದ ಗುಣಿಸಿದರೆ ಒಳ ರೇಸಿನ ಲೆಕ್ಕ. ಕೂಡಿಸುವ ಬದಲು ಕಳೆದರೆ ಹೊರ ರೇಸಿನದು. ನಮಗೆ ಬಂದದ್ದು ಒಳ ರೇಸಿಗೆ 11.4, ಹೊರ ರೇಸಿಗೆ 8.6. ಎರಡನ್ನೂ ಕೂಡಿದರೆ 20 ಬರಬೇಕು, ಬಂತು. ಲೆಕ್ಕ ತಪ್ಪಿಲ್ಲ ಎಂದು ತಿಳಿಯಲು ಇದು ಒಳ್ಳೆಯ ತಾಳೆ.

11.4 ಮತ್ತು 12 ಬೇರೆ ಬೇರೆ. ಆದರೆ ಎಷ್ಟು ಹತ್ತಿರ! 12ರಲ್ಲಿ ಬಡಿತದ ಅಂತರ 1 ಸೆಕೆಂಡು, 11.4ರಲ್ಲಿ 1.05 ಸೆಕೆಂಡು. 20 ಸುತ್ತಿನ ದಾಖಲೆ ಇದನ್ನು ಬಿಡಿಸಬಲ್ಲದು, ವೇಗ ಸ್ಥಿರವಾಗಿದ್ದರೆ. ಅದೇ ಇಲ್ಲಿನ ತೊಡಕು. ಗಾಣಕ್ಕೆ ಕಬ್ಬು ಜಾಸ್ತಿ ಆದರೆ ಆಪರೇಟರ್ ಕ್ಯಾರಿಯರ್ ನಿಧಾನ ಮಾಡುತ್ತಾರೆ, ಕಡಿಮೆ ಆದರೆ ವೇಗ ಮಾಡುತ್ತಾರೆ. ವೇಗ ಶೇ 5ರಷ್ಟು ಆಚೀಚೆ ಆದರೂ ಎರಡು ಗೆರೆಗಳು ಹರಡಿಕೊಂಡು ಒಂದೇ ಗುಡ್ಡೆಯಾಗುತ್ತವೆ. 4 ನಿಮಿಷ ವೇಗ ಮುಟ್ಟಬೇಡಿ ಎಂದು ಆಪರೇಟರ್‌ಗೆ ಹೇಳುವುದು ಹಂಗಾಮಿನಲ್ಲಿ ಸಾಧ್ಯವಿಲ್ಲ.

ಹಾಗಾಗಿ ಕಾಲವನ್ನು ಬಿಟ್ಟು ಕೋನವನ್ನು ಅಳೆಯಲು ಹೊರಟೆವು. ಮೋಟರಿನ ಕಪ್ಲಿಂಗ್ ಬೋಲ್ಟಿನ ಮುಂದೆ, ಲೋಹ ಹತ್ತಿರ ಬಂದಾಗ ಪಲ್ಸ್ ಕೊಡುವ ಒಂದು ಪ್ರಾಕ್ಸಿಮಿಟಿ ಸ್ವಿಚ್, ಹೆಡ್ ಶಾಫ್ಟಿನ ಮೇಲೆ ಇನ್ನೊಂದು. ನಡುವೆ ಬೆಲ್ಟ್ ಇಲ್ಲ, ಪೂರ್ತಿ ಗೇರು, ಆದ್ದರಿಂದ ಜಾರುವ ಭಯ ಇಲ್ಲ. ಹೆಡ್ ಶಾಫ್ಟ್ ಒಂದು ಸುತ್ತು ಬರುವಷ್ಟರಲ್ಲಿ ಮೋಟರ್ ಕಡೆಯಿಂದ ಸುಮಾರು 290 ಪಲ್ಸ್ ಬರುತ್ತವೆ. ಆ ಪಲ್ಸುಗಳ ಲೆಕ್ಕದಲ್ಲಿ ಎನ್ವಲಪಿನ ಮಾದರಿಗಳನ್ನು ಮತ್ತೆ ಹೊಂದಿಸಿದರೆ ವೇಗ ಏರಿಳಿದರೂ ಪ್ರತಿ ಸುತ್ತು ಒಂದೇ ಉದ್ದದ್ದಾಗುತ್ತದೆ. ಇದಕ್ಕೆ ಆರ್ಡರ್ ಟ್ರ್ಯಾಕಿಂಗ್ ಎನ್ನುತ್ತಾರೆ.

ಗುಡ್ಡೆ ಬಿಡಿಸಿಕೊಂಡಿತು. ಎಡ ಬೇರಿಂಗಿನಲ್ಲಿ ಸರಿಯಾಗಿ 12ರ ಮೇಲೆ ಎತ್ತರದ ಒಂದೇ ಒಂದು ಗೆರೆ, ಪಕ್ಕದಲ್ಲಿ ಹೆಚ್ಚೇನೂ ಇಲ್ಲ. ಬಲ ಬೇರಿಂಗಿನಲ್ಲಿ 12ರ ಗೆರೆ ಸಣ್ಣದು. ಅದರ ಎಡಕ್ಕೆ 11.4ರ ಹತ್ತಿರ ಇನ್ನೂ ಸಣ್ಣ ಗೆರೆ. ಅದರ ಎರಡೂ ಪಕ್ಕಕ್ಕೆ 10.4 ಮತ್ತು 12.4ರಲ್ಲಿ ಪುಟ್ಟ ಗೆರೆಗಳು. ನಿರ್ಣಯ ಕೊಟ್ಟದ್ದು ಈ ಪಕ್ಕದ ಗೆರೆಗಳೇ. ಚೈನಿನ ಎಳೆತ ಯಾವಾಗಲೂ ಒಂದೇ ದಿಕ್ಕಿಗೆ. ಒಳ ರೇಸ್ ಶಾಫ್ಟಿನ ಜೊತೆ ತಿರುಗುತ್ತದೆ. ಅದರ ಮೇಲಿನ ಗಾಯ ಸುತ್ತಿಗೊಮ್ಮೆ ಭಾರದ ಕಡೆ ಬರುತ್ತದೆ, ಸುತ್ತಿಗೊಮ್ಮೆ ಭಾರವಿಲ್ಲದ ಕಡೆ ಹೋಗುತ್ತದೆ. ಹಾಗಾಗಿ ಬಡಿತ ಸುತ್ತಿಗೊಮ್ಮೆ ಏರಿ ಇಳಿಯುತ್ತದೆ, ಅದೇ ಒಂದೊಂದು ಅಂತರದಲ್ಲಿ ಪಕ್ಕದ ಗೆರೆಯಾಗಿ ಕಾಣುತ್ತದೆ.

ಅಂದರೆ ಸದ್ದು ಜಾಸ್ತಿ ಇದ್ದ ಎಡ ಬೇರಿಂಗ್ ಚೆನ್ನಾಗಿತ್ತು. ಸದ್ದು ಕಡಿಮೆ ಇದ್ದ ಬಲ ಬೇರಿಂಗ್ ಒಡೆಯತೊಡಗಿತ್ತು.

ನಿಲ್ಲಿಸಬೇಕೋ ಓಡಿಸಬೇಕೋ

ತಾಳೆ ನೋಡಲು ಎರಡೂ ಕಡೆ ಹೊಸ ಗ್ರೀಸ್ ಹೊಡೆದೆವು. ಎಡಗಡೆ ಒಟ್ಟು ಮಟ್ಟ ಒಂದು ಗಂಟೆಯೊಳಗೆ ಇಳಿದು ಹಾಗೇ ನಿಂತಿತು. ಅಲ್ಲಿ ಗ್ರೀಸಿಗೆ ಬಗಾಸಿನ ಪುಡಿ ಮತ್ತು ನೀರು ಸೇರಿ ಗಟ್ಟಿಯಾಗಿತ್ತು. ಬಲಗಡೆ 11.4ರ ಗೆರೆ ತುಸು ಇಳಿದು, ಮುಂದಿನ ಶಿಫ್ಟಿನಲ್ಲಿ ಮತ್ತೆ ಮೊದಲಿನ ಎತ್ತರಕ್ಕೆ ಬಂತು. ಬಲ ಬ್ಲಾಕಿನಿಂದ ಹೊರಬಂದ ಹಳೇ ಗ್ರೀಸನ್ನು ಬಿಳಿ ಕಾಗದದ ಮೇಲೆ ತೆಳ್ಳಗೆ ಸವರಿ ಕೆಳಗೆ ಅಯಸ್ಕಾಂತ ಆಡಿಸಿದೆವು. ಮಿರಿ ಮಿರಿ ಮಿಂಚುವ ಸಣ್ಣ ಹಕ್ಕಳೆಗಳು ಅಯಸ್ಕಾಂತದ ಹಿಂದೆ ಸಾಲಾಗಿ ಹೊರಟವು. ಎಲೆಕ್ಟ್ರಾನಿಕ್ಸ್ ಹೇಳಿದ್ದನ್ನು ಕಾಗದದ ಮೇಲೆ ಕಣ್ಣಾರೆ ನೋಡಿದ ಮೇಲೆ ಯಾರಿಗೂ ಅನುಮಾನ ಉಳಿಯಲಿಲ್ಲ.

ಚೀಫ್ ಇಂಜಿನಿಯರ್ ಕೇಳಿದ್ದು ಒಂದೇ. "ಸರ್, ಎಷ್ಟು ದಿನ ತಡೀತದ ಹೇಳ್ರಿ." ಬೇರಿಂಗ್ ಬದಲಿಸಲು ಚೈನು ಬಿಚ್ಚಬೇಕು, ಹೆಡ್ ಶಾಫ್ಟ್ ಎತ್ತಬೇಕು, ಒಂದು ಪೂರ್ತಿ ಶಿಫ್ಟ್ ಬೇಕು. ಎವಾಪರೇಟರ್ ಟ್ಯೂಬುಗಳಲ್ಲಿ ಕಟ್ಟಿದ ಗಟ್ಟಿ ಪದರ ತೆಗೆಯಲು ಕಾರ್ಖಾನೆ ಆಗಾಗ ಜನರಲ್ ಕ್ಲೀನಿಂಗಿಗೆ ನಿಲ್ಲುತ್ತದೆ. ಮುಂದಿನ ಕ್ಲೀನಿಂಗಿಗೆ ಇನ್ನೂ ಮೂರು ವಾರ ಇತ್ತು. ಅಲ್ಲಿಯ ತನಕ ತಡೆದರೆ ಯಾರ್ಡಿನಲ್ಲಿ ಒಂದು ಟ್ರ್ಯಾಲಿಯೂ ಹೆಚ್ಚಿಗೆ ಕಾಯಬೇಕಿಲ್ಲ.

ದಿನದ ಲೆಕ್ಕವನ್ನು ಎಇ ಕೊಡುವುದಿಲ್ಲ, ಕೊಡುತ್ತದೆ ಎಂದು ಹೇಳಿ ಧೈರ್ಯ ತುಂಬುವುದು ಸರಿಯಲ್ಲ. ಅದನ್ನು ಹಾಗೆಯೇ ಹೇಳಿದೆವು. ಅದರ ಬದಲು ಯಾವಾಗ ನಿಲ್ಲಿಸಬೇಕು ಎನ್ನುವ ಕರಾರನ್ನು ಮೊದಲೇ ಬರೆದು ಎಲ್ಲರೂ ಒಪ್ಪಿಕೊಂಡೆವು. 11.4ರ ಗೆರೆ ಈಗಿನದಕ್ಕಿಂತ ಎರಡು ಪಟ್ಟು, ಅಂದರೆ 6 ಡಿಬಿ ಏರಿದರೆ ನಿಲ್ಲಿಸುವುದು. ಬ್ಲಾಕಿನ ಬಿಸಿ ಎಡದ್ದಕ್ಕಿಂತ ಎದ್ದು ಕಾಣುವಷ್ಟು ಜಾಸ್ತಿ ಆದರೆ ನಿಲ್ಲಿಸುವುದು. ಗ್ರೀಸಿನಲ್ಲಿ ಹಕ್ಕಳೆ ಬದಲು ಚೂರು ಕಂಡರೆ ಯಾವ ಅಂಕಿಯನ್ನೂ ಕಾಯದೆ ನಿಲ್ಲಿಸುವುದು. ಪ್ರತಿ ಶಿಫ್ಟಿನಲ್ಲೂ 20 ಸುತ್ತಿನ ಒಂದು ದಾಖಲೆ. ಸ್ಟೋರಿನ ಹೊಸ ಬೇರಿಂಗ್ ಬಲಗಡೆಗೆ ಮೀಸಲು. ಈ ಕಾಗದ ಕಂಟ್ರೋಲ್ ರೂಮಿನ ಗೋಡೆಗೆ ಹತ್ತಿತು. ರಾತ್ರಿ ಪಾಳಿಯಲ್ಲಿ ಇದ್ದವರು ಯಾರನ್ನೂ ಕೇಳದೆ ನಿಲ್ಲಿಸಬಹುದು ಎಂದು ಚೀಫ್ ಇಂಜಿನಿಯರ್ ತಮ್ಮ ಕೈಯಲ್ಲೇ ಅದರ ಕೆಳಗೆ ಬರೆದರು. ಈ ಪ್ರಕರಣದಲ್ಲಿ ನನಗೆ ಬಹಳ ಗೌರವ ಮೂಡಿಸಿದ ಕೆಲಸ ಅದು.

ಗೆರೆ ನಿಧಾನವಾಗಿ ಏರಿತು. 6 ಡಿಬಿಯ ಅರ್ಧದಷ್ಟು ಏರಿದ ಮೇಲೆ ಒಂದು ವಿಚಿತ್ರ ನಡೆಯಿತು. ಗೆರೆ ಇಳಿಯತೊಡಗಿತು. ಗ್ರೀಸ್ ಹೊಡೆದದ್ದು ಕೆಲಸ ಮಾಡಿತು, ಇನ್ನು ಬಿಚ್ಚುವುದೇ ಬೇಡ ಎಂಬ ಮಾತು ಬಂತು. ಆದರೆ ಬೇರಿಂಗ್ ತನ್ನಷ್ಟಕ್ಕೆ ವಾಸಿಯಾಗುವುದಿಲ್ಲ. ಹೊಸದಾಗಿ ಎದ್ದುಹೋದ ಹಕ್ಕಳೆಯ ಅಂಚು ಚೂಪಾಗಿರುತ್ತದೆ. ರೋಲರುಗಳು ಅದರ ಮೇಲೆ ಹಾಯ್ದು ಹಾಯ್ದು ಅಂಚು ದುಂಡಾಗುತ್ತದೆ. ಆಗ ಸಿಡಿತ ಕಡಿಮೆಯಾಗುತ್ತದೆ, ಗಾಯ ಹಾಗೇ ಇರುತ್ತದೆ. ಪಕ್ಕದ ಗೆರೆಗಳು ಇನ್ನೂ ಉಳಿದಿದ್ದವು, ಗ್ರೀಸಿನಲ್ಲಿ ಹಕ್ಕಳೆ ಬರುತ್ತಲೇ ಇತ್ತು. ಯೋಜನೆ ಬದಲಿಸಲಿಲ್ಲ.

ಬಿಚ್ಚಿದಾಗ

ಕ್ಲೀನಿಂಗ್ ದಿನ ಬಲ ಬ್ಲಾಕ್ ಬಿಚ್ಚಿದರು. ಒಳ ರೇಸಿನ ಒಂದು ಸಾಲಿನಲ್ಲಿ ಹೆಬ್ಬೆರಳಿನ ಉಗುರಿನಷ್ಟು ಅಗಲ ಲೋಹ ಎದ್ದು ಹೋಗಿತ್ತು. ಅಂಚಿನ ಮೇಲೆ ಬೆರಳಾಡಿಸಿದರೆ ಒಂದು ಕಡೆ ನುಣುಪು, ಇನ್ನೊಂದು ಕಡೆ ಇನ್ನೂ ಚೂಪು. ಹೊರ ರೇಸ್ ಸ್ವಚ್ಛ. ಎಡ ಬೇರಿಂಗಿನ ಮುಚ್ಚಳ ತೆಗೆದು, ತೊಳೆದು, ಟಾರ್ಚ್ ಹಾಕಿ ನೋಡಿದೆವು, ಏನೂ ಇಲ್ಲ. ಎಡ ಸ್ಪ್ರಾಕೆಟಿನ ಹಲ್ಲುಗಳು ಮಾತ್ರ ಕೊಕ್ಕೆಯಂತೆ ಸವೆದಿದ್ದವು, ಆ ಕಡೆಯ ಚೈನೂ ಬಿಗಿ ಜಾಸ್ತಿ ಇತ್ತು. 12ರ ಗೆರೆ ಎಡಕ್ಕೆ ಅಷ್ಟು ಎತ್ತರ ಇದ್ದದ್ದು ಅದಕ್ಕೇ. ಒಟ್ಟು ಡಿಬಿ ನೋಡಿಯೇ ನಿರ್ಧಾರ ಮಾಡಿದ್ದರೆ ಇದ್ದ ಒಂದು ಹೊಸ ಬೇರಿಂಗ್ ಸರಿಯಾಗಿದ್ದ ಜಾಗಕ್ಕೆ ಹೋಗುತ್ತಿತ್ತು, ಅಲ್ವಾ?

ಬಲಕ್ಕೆ ಹೊಸ ಬೇರಿಂಗ್ ಬಿತ್ತು. ಆಮೇಲಿನ ದಾಖಲೆಯಲ್ಲಿ 11.4ರ ಜಾಗ ಖಾಲಿ. 12ರದ್ದು ಇತ್ತು, ಸ್ಪ್ರಾಕೆಟ್ ಹಂಗಾಮು ಮುಗಿದ ಮೇಲೆ ಬದಲಿಸುವುದೆಂದು ಇಟ್ಟುಕೊಂಡರು.

ಇದೇ ಪೆಟ್ಟಿಗೆಯನ್ನು ಗಾಣಕ್ಕೂ ಹಚ್ಚಿ ಎಂದು ಈಗ ಕೇಳುತ್ತಿದ್ದಾರೆ. ಅಲ್ಲಿ ವಿಷಯ ಬೇರೆ. ಗಾಣದ ರೋಲರ್ ಕೂತಿರುವುದು ಗನ್‌ಮೆಟಲ್ ಬೇರಿಂಗಿನಲ್ಲಿ. ಒಳಗೆ ರೋಲರುಗಳೇ ಇಲ್ಲದ ಮೇಲೆ 11.4ರಂಥ ಗೆರೆ ಹುಡುಕಲು ಆಗುವುದಿಲ್ಲ. ಅಲ್ಲಿ ಎಣ್ಣೆಯ ಪದರ ಹರಿದಾಗ ಬರುವ ನಿರಂತರ ಉಜ್ಜಾಟದ ಮಟ್ಟವನ್ನೇ ನೋಡಬೇಕು, ಅದಕ್ಕೆ ನಾವು ಇಲ್ಲಿ ಕೈಬಿಟ್ಟ ಆರ್‌ಎಂಎಸ್ ಸರಿಯಾದ ಆಯ್ಕೆ. ಕಬ್ಬು ಅರೆಯುವ ಸದ್ದನ್ನು ಹೇಗೆ ಬೇರ್ಪಡಿಸುವುದು ಎನ್ನುವುದು ಮುಂದಿನ ಪ್ರಶ್ನೆ. ಹಂಗಾಮು ಮುಗಿದು ಓವರಾಲಿಂಗಿಗೆ ಬಿಚ್ಚಿದಾಗ ಬೇರಿಂಗಿನ ಬೆನ್ನಿಗೆ ಮುಟ್ಟುವಂತೆ ಒಂದು ಉಕ್ಕಿನ ಕಡ್ಡಿ ಕೂರಿಸಿ, ಅದರ ಹೊರ ತುದಿಗೆ ಸೆನ್ಸರ್ ಹಚ್ಚಲು ಜಾಗ ಗುರುತು ಮಾಡಿಕೊಂಡಿದ್ದೇವೆ. ಆರ್‌ಎಂಎಸ್ ಸರ್ಕ್ಯೂಟ್ ಹಾಕೋಣ ಎಂದಿದ್ದ ವಿದ್ಯಾರ್ಥಿಯೇ ಈಗ ಅದನ್ನು ಕಟ್ಟುತ್ತಿದ್ದಾನೆ.